ಕೆಂಪು ಫ್ಯೂಸ್ ಕಿತ್ತು ಹಸಿರು ಫ್ಯೂಸ್ ಹಾಕಿಕೊಟ್ಟರು: ಕ್ಯಾಂಪರ್ ವ್ಯಾನ್ ಇರುವವರು ದಯವಿಟ್ಟು ಓದಿ

ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ ಉಣ್ಣುವ ವ್ಯವಸ್ಥೆಯಿರುವ ಪ್ರವಾಸದ ಗಾಡಿ) ಇಟ್ಟುಕೊಂಡವರು, ಕೊಳ್ಳಬೇಕೆಂದಿರುವವರು, ಬಾಡಿಗೆಗೆ ತೆಗೆದುಕೊಂಡು ಕರಾವಳಿ ಕಡೆ ಹೊರಟವರು ಇದನ್ನು ಪೂರ್ತಿ ಓದಿ. ಗ್ಯಾರೇಜಿನಲ್ಲಿ ಯಾರಾದರೂ ನಿಮ್ಮ ಗಾಡಿಗೆ ಮೊದಲಿದ್ದುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಅಲ್ಲೇ ನಿಂತು ತೆಗೆಸಿ. ಮೀಟರ್ ಹಿಡಿದು ಅಳೆಯದೆ ‘ಬ್ಯಾಟರಿ ಹೋಗಿದೆ’ ಅಂದರೆ ದುಡ್ಡು ಕೊಡಬೇಡಿ. ನಮಗೆ ಇವೆರಡೂ ಒಂದೇ ಗ್ಯಾರೇಜಿನಲ್ಲಿ ಆದವು. ಅಮ್ಮ, ಹೆಂಡತಿ, ಮಗಳು ಹಿಂದೆ ಕೂತಿದ್ದಾಗ ಅವರ ಸೀಟಿನ ಕೆಳಗೇ ವೈರ್ ಕರಗಿತು.

ನಮ್ಮದು ಟ್ರಾವೆಲರ್ ಗಾಡಿಯನ್ನು ಕ್ಯಾಂಪರ್ ಮಾಡಿಸಿದ್ದು. ಇಂಜಿನ್ ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ. ಒಳಗಿನ ಲೈಟು, ಫ್ಯಾನು, ಫ್ರಿಜ್ಜು, ನೀರಿನ ಪಂಪಿಗೆ ಬೇರೆಯದೇ 12 ವೋಲ್ಟಿನ ಡೀಪ್ ಸೈಕಲ್ ಬ್ಯಾಟರಿ, ಅಂದರೆ ಬಹಳ ಹೊತ್ತು ನಿಧಾನವಾಗಿ ಕರೆಂಟ್ ಕೊಡುವಂಥದ್ದು. ಶಿವಮೊಗ್ಗದಿಂದ ಹೊರಟು ಸಾಗರ, ಜೋಗ ದಾಟಿ ಹೊನ್ನಾವರದ ಕಡೆ ಘಾಟಿ ಇಳಿಯುವಷ್ಟರಲ್ಲಿ ಎರಡು ತೊಂದರೆ ಕಾಣಿಸಿದವು. ನಲ್ಲಿ ತಿರುಗಿಸಿ ಪಂಪ್ ಓಡಿದಾಗಲೆಲ್ಲ ಲೈಟ್ ಮಂಕಾಗುತ್ತಿತ್ತು, ನೀರು ಸಣ್ಣಗೆ ಬರುತ್ತಿತ್ತು, ಪಂಪ್ ನಿಂತರೆ ಲೈಟ್ ಮತ್ತೆ ಸರಿ. ಇನ್ನೊಂದು, ರಸ್ತೆ ಹಾಳಾಗಿದ್ದ ಕಡೆ ಪಂಪಿನ ಫ್ಯೂಸ್ ಹಾರುತ್ತಿತ್ತು. ಪಂಪಿನ ಸ್ವಿಚ್ ಆಫ್ ಇದ್ದಾಗಲೂ ಹಾರುತ್ತಿತ್ತು. ಈ ಕೊನೆಯ ಮಾತನ್ನು ನೆನಪಿಡಿ, ಇಡೀ ಕಥೆಯ ಕೀಲಿ ಅಲ್ಲೇ ಇದೆ.

ಕರಾವಳಿಯ ಒಂದು ಊರಿನಲ್ಲಿ ಹೆದ್ದಾರಿ ಪಕ್ಕದ ಗ್ಯಾರೇಜಿಗೆ ಹೋದೆವು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಂಪ್ ಆಫ್ ಇದ್ದಾಗಲೂ ಫ್ಯೂಸ್ ಹಾರುತ್ತದೆ ಅನ್ನುವುದನ್ನೂ ಹೇಳಿದೆ. ಅವರು ಪಂಪ್ ಹಾಕಿ ನೋಡಿದರು, ಲೈಟ್ ಮಂಕಾಯಿತು. ‘ಬ್ಯಾಟರಿ ಡೆಡ್ ಸರ್, ಹೊಸದು ಹಾಕ್ಬೇಕು’ ಅಂದರು. ಬೆಳಿಗ್ಗೆ ಡಿಸ್‌ಪ್ಲೇಯಲ್ಲಿ ಬ್ಯಾಟರಿ 12.6 ವೋಲ್ಟ್, ಅಂದರೆ ಚೆನ್ನಾಗಿ ಚಾರ್ಜ್ ಆಗಿರುವ ಹಾಗೆ, ತೋರಿಸುತ್ತಿತ್ತಲ್ಲ ಅಂದೆ. ‘ಆ ಡಿಸ್‌ಪ್ಲೇ ಎಲ್ಲ ನಂಬಬೇಡಿ ಸರ್’ ಅಂದರು. ಮಲ್ಟಿಮೀಟರ್ ಅವರ ಗೋಡೆಯ ಮೇಲೇ ನೇತಾಡುತ್ತಿತ್ತು. ಅದನ್ನು ಮುಟ್ಟಲಿಲ್ಲ.

ಅಮ್ಮನ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು. ಫ್ರಿಜ್ ನಿಲ್ಲುವ ಹಾಗಿರಲಿಲ್ಲ, ಹತ್ತಿರದಲ್ಲಿ ಬೇರೆ ಗ್ಯಾರೇಜ್ ತೆರೆದಿರಲಿಲ್ಲ. ಬ್ಯಾಟರಿ ಹಾಕಿಸಿಕೊಂಡೆವು. ಹಳೆಯದನ್ನು ಎಕ್ಸ್‌ಚೇಂಜ್ ಅಂತ ಅವರೇ ಇಟ್ಟುಕೊಂಡರು. ಅವರು ಹಾಕಿದ್ದು ಡೀಪ್ ಸೈಕಲ್ ಬ್ಯಾಟರಿಯೇ ಅಲ್ಲ, ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಅನ್ನುವುದು ಊರಿಗೆ ಬಂದ ಮೇಲೆ ಗೊತ್ತಾಯಿತು. ಸ್ಟಾರ್ಟರ್ ಬ್ಯಾಟರಿಯ ಪ್ಲೇಟುಗಳು ತೆಳು. ಒಂದೆರಡು ಸೆಕೆಂಡು ಜೋರಾಗಿ ಕರೆಂಟ್ ಕೊಡಲು ಮಾಡಿದ್ದು ಅದು. ರಾತ್ರಿಯಿಡೀ ಫ್ರಿಜ್ ಓಡಿಸಿ ಅರ್ಧ ಖಾಲಿ ಮಾಡುತ್ತ ಹೋದರೆ ಬೇಗನೆ ಸಾಯುತ್ತದೆ.

ಹೊರಡುವಾಗ ಅವರು ಹೇಳಿದ್ದು ಇಷ್ಟೇ: ‘ಫ್ಯೂಸ್ ಇನ್ನು ಹಾರೂದಿಲ್ಲ ಸರ್, ಆರಾಮಾಗಿ ಹೋಗಿ.’

ಹೊಸ ಬ್ಯಾಟರಿ ಹಾಕಿದ ಮೇಲೂ ಪಂಪ್ ಓಡಿದರೆ ಲೈಟ್ ಮಂಕಾಗುತ್ತಲೇ ಇತ್ತು. ಫ್ಯೂಸ್ ಮಾತ್ರ ಹಾರಲಿಲ್ಲ. ವಾಪಸ್ ಬರುವಾಗ ಘಾಟಿ ಹತ್ತುತ್ತಿದ್ದೆವು, ಹಿಂದಿನಿಂದ ಅಮ್ಮ ‘ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆ ನೋಡೋ’ ಅಂದರು. ಗಾಡಿ ಬದಿಗೆ ಹಾಕುವಷ್ಟರಲ್ಲಿ ಬೆಂಚ್ ಸೀಟಿನ ಸಂದಿಯಿಂದ ಹೊಗೆ ಬರುತ್ತಿತ್ತು. ಎಲ್ಲರನ್ನೂ ಇಳಿಸಿ ಬ್ಯಾಟರಿಯ ಕಟ್-ಆಫ್ ಸ್ವಿಚ್ ತಿರುಗಿಸಿದೆ, ಹೆಂಡತಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದಳು. ಬೆಂಕಿ ಹತ್ತಲಿಲ್ಲ. ಸೀಟು ಎತ್ತಿದಾಗ ಒಂದು ಮಾರಿನಷ್ಟು ವೈರಿನ ಪ್ಲಾಸ್ಟಿಕ್ ಕರಗಿ ಪ್ಲೈವುಡ್ಡಿಗೆ ಅಂಟಿಕೊಂಡಿತ್ತು, ಹಲಗೆ ಕಪ್ಪಾಗಿತ್ತು. ಫ್ಯೂಸ್ ಬಾಕ್ಸ್ ತೆಗೆದರೆ ಪಂಪಿನ ಜಾಗದಲ್ಲಿ ಕೆಂಪು ಫ್ಯೂಸ್ ಇರಲಿಲ್ಲ, ಹಸಿರು ಇತ್ತು.

ಗಾಡಿಗಳ ಬ್ಲೇಡ್ ಫ್ಯೂಸಿಗೆ ಬಣ್ಣವೇ ಗುರುತು. ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ ಪಾರದರ್ಶಕ ಫ್ಯೂಸ್ 25, ಹಸಿರು 30. ನಮ್ಮ ಪಂಪಿನ ಲೈನಿಗೆ 10 ಇರಬೇಕಿತ್ತು. 30 ಹಾಕಿ, ಒಂದು ಮಾತೂ ಹೇಳದೆ ಮುಚ್ಚಿ ಕಳಿಸಿದ್ದರು. ಫ್ಯೂಸ್ ಇರುವುದು ಪಂಪನ್ನು ಕಾಯಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಮೊದಲು ಕಾಯುವುದು ವೈರನ್ನು. ವೈರ್ ಎಷ್ಟು ಕರೆಂಟ್ ತಾಳುತ್ತದೋ ಅದಕ್ಕಿಂತ ಮೊದಲೇ ಫ್ಯೂಸ್ ಹಾರಬೇಕು. ಕರೆಂಟ್ ಮೂರು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಸಾಲದ್ದಕ್ಕೆ 30ರ ಫ್ಯೂಸ್ 30 ದಾಟಿದ ಕೂಡಲೇ ಹಾರುವುದೂ ಇಲ್ಲ, ಸ್ವಲ್ಪ ಹೆಚ್ಚಾದರೆ ಬಹಳ ಹೊತ್ತು ತಾಳಿಕೊಂಡಿರುತ್ತದೆ. ಅಷ್ಟು ಹೊತ್ತೂ 1 ಚದರ ಮಿ.ಮೀ. ವೈರ್ ಮುಚ್ಚಿದ ಹಲಗೆಯ ಕೆಳಗೆ, ಗಾಳಿಯಾಡದ ಕಡೆ, ಬಿಸಿಯಾಗುತ್ತಲೇ ಇರುತ್ತದೆ. ಹಾರಿದ ಫ್ಯೂಸಿಗೆ ತಾಮ್ರದ ಎಳೆ ಸುತ್ತುವುದು ಇದಕ್ಕಿಂತಲೂ ಕೆಟ್ಟದ್ದು. ಅದನ್ನೂ ಎಷ್ಟೋ ಕಡೆ ನಗುನಗುತ್ತಲೇ ಮಾಡಿಕೊಡುತ್ತಾರೆ.

ಶಿವಮೊಗ್ಗದಲ್ಲಿ ನಮಗೆ ಗೊತ್ತಿರುವ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರು ಗಾಡಿಗೆ ಕೈ ಹಾಕುವ ಮೊದಲು ಕೇಳಿದ ಪ್ರಶ್ನೆ: ‘ಪಂಪ್ ಆಫ್ ಇದ್ದಾಗ ಫ್ಯೂಸ್ ಹಾರ್ತಿತ್ತಾ?’ ಹೌದು ಅಂದೆ. ‘ಹಾಗಾದ್ರೆ ಪಂಪಿನ ತಪ್ಪಲ್ಲಣ್ಣ, ಫ್ಯೂಸಿಂದ ಸ್ವಿಚ್ಚಿಗೆ ಹೋಗೋ ವೈರು ಎಲ್ಲೋ ಗಾಡಿ ತಗಡಿಗೆ ತಾಗಿ ಶಾರ್ಟ್ ಆಗ್ತಿದೆ’ ಅಂದರು. ಹುಡುಕಿದಾಗ ಸಿಕ್ಕಿತು. ತಗಡಿನಲ್ಲಿ ತೂತು ಕೊರೆದು, ಅಂಚಿಗೆ ರಬ್ಬರ್ ಬಳೆ (ಗ್ರೋಮೆಟ್) ಹಾಕದೆ ಬರಿ ವೈರ್ ತೂರಿಸಿದ್ದರು. ಗಾಡಿ ಕುಲುಕಿದಂತೆಲ್ಲ ತಗಡಿನ ಅಂಚು ವೈರಿನ ಮೈ ಸವೆಸಿತ್ತು. ಕುಲುಕಿದಾಗ ತಾಗುತ್ತಿತ್ತು, ನಿಂತಾಗ ಬಿಡುತ್ತಿತ್ತು. ಗ್ಯಾರೇಜಿನ ಮುಂದೆ ನಿಲ್ಲಿಸಿದ ಗಾಡಿಯಲ್ಲಿ ಆ ದೋಷ ಕಾಣುವುದೇ ಇಲ್ಲ. ಆದರೆ ಹಾರಿದ ಫ್ಯೂಸ್ ಅದನ್ನೇ ಹೇಳುತ್ತಿತ್ತು, ಕೇಳಿಸಿಕೊಳ್ಳುವವರು ಬೇಕಿತ್ತು.

ಲೈಟ್ ಮಂಕಾಗುವುದಕ್ಕೆ ಕಾರಣ ಬೇರೆಯೇ. ಅದನ್ನು ಅವರು ಕಂಡುಹಿಡಿದ ಬಗೆಯನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಸಾಮಾನ್ಯ ಮಲ್ಟಿಮೀಟರ್ ಇದ್ದರೆ ನೀವೇ ಮಾಡಬಹುದು. ಪಂಪ್ ಓಡುತ್ತಿರಬೇಕು, ಇದು ಮುಖ್ಯ. ಓಡದಿದ್ದರೆ ಕೆಟ್ಟ ಜಾಯಿಂಟಿನಲ್ಲೂ ವೋಲ್ಟೇಜ್ ಪೂರ್ತಿ ಕಾಣಿಸುತ್ತದೆ, ಮೋಸ ಹೋಗುತ್ತೀರಿ. ಪಂಪ್ ಹಾಕಿ ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದರು: 12.5. ಪಂಪಿನ ಎರಡು ತುದಿಗಳಲ್ಲಿ: 10.9. ಅಂದರೆ 1.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಎಲ್ಲಿ? ಮೀಟರಿನ ಒಂದು ಪ್ರೋಬ್ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಪಂಪಿನ ಮೈನಸ್ಸಿಗೆ ಹಿಡಿದರು. ಎಲ್ಲ ಸರಿಯಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. 1.3 ಬಂತು.

ಪ್ಲಸ್ ಕಡೆ ದೋಷವಿಲ್ಲ, ಮೈನಸ್ ಕಡೆ ಇದೆ. ಒಳಗಿನ ಲೈಟು, ಪಂಪುಗಳ ಮೈನಸ್ ವೈರ್‌ಗಳನ್ನೆಲ್ಲ ಸೇರಿಸಿ ಗಾಡಿಯ ಲೋಹದ ಚೌಕಟ್ಟಿಗೆ (ಚಾಸಿಗೆ) ಒಂದೇ ಬೋಲ್ಟಿನಲ್ಲಿ ಬಿಗಿದಿದ್ದರು. ಬೋಲ್ಟಿನ ಕೆಳಗಿನ ಪೇಂಟ್ ಕೆರೆದಿರಲಿಲ್ಲ. ಉಪ್ಪುಗಾಳಿಗೆ ಲಗ್ಗಿಗೆ (ವೈರಿನ ತುದಿಯ ಲೋಹದ ಬಳೆಗೆ) ಹಸಿರು ಕಿಲುಬು ಹಿಡಿದಿತ್ತು, ವಾಷರ್ ತುಕ್ಕಾಗಿತ್ತು. ಬಿಚ್ಚಿ, ಲೋಹ ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಲೈಟ್ ಮಂಕಾಗುವುದು ನಿಂತಿತು. ಇದಕ್ಕೆ ಆದ ಖರ್ಚು ಒಂದು ಲಗ್, ಒಂದು ವಾಷರ್, ಅರ್ಧ ಗಂಟೆಯ ಕೂಲಿ. ಹೊಸ ಬ್ಯಾಟರಿಗೆ ಕೊಟ್ಟ ದುಡ್ಡು ಹೋಯಿತು, ಚೆನ್ನಾಗಿದ್ದ ಹಳೆಯ ಬ್ಯಾಟರಿಯೂ ಹೋಯಿತು.

ಗ್ಯಾರೇಜಿಗೆ ಫೋನ್ ಮಾಡಿದೆ. ‘ನೀವೇ ಹೇಳಿದ್ರಲ್ಲ ಸರ್ ಫ್ಯೂಸ್ ಹಾರ್ತದೆ ಅಂತ, ಹಾರದ ಹಾಗೆ ಮಾಡಿಕೊಟ್ಟೆವು’ ಅಂದರು. ಕರಗಿದ ವೈರಿನ ಫೋಟೊ ಕಳಿಸಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ದುಡ್ಡಿನ ಬೇಸರ ಇದೆ, ಆದರೆ ಅದಕ್ಕಿಂತ ಹೆಚ್ಚು ನೋಯಿಸುವುದು ಬೇರೆ. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿರುವುದನ್ನು ಅವರು ಕಣ್ಣಾರೆ ನೋಡಿದ್ದರು.

ಅದೇ ಪ್ರವಾಸದಲ್ಲಿ ಇನ್ನೊಂದು ನಡೆಯಿತು, ಅದು ಇದಕ್ಕಿಂತಲೂ ಅಪಾಯದ್ದು. ಕಡಲ ದಂಡೆಯ ಹೋಂಸ್ಟೇ ಒಂದರ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಚಾರ್ಜ್ ಮಾಡಲು ಅವರ 16 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದ್ದೆವು. ಸಮುದ್ರದಲ್ಲಿ ಆಡಿ ಒದ್ದೆ ಕಾಲಿನಲ್ಲಿ ಬಂದ ಮಗಳು ಬಾಗಿಲಿನ ಹಿಡಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ‘ಅಪ್ಪಾ, ಬಾಗಿಲು ಜುಮ್ ಅಂತಿದೆ.’ ಟೆಸ್ಟರ್ ಹಿಡಿದರೆ ಗಾಡಿಯ ಬಾಡಿಯಲ್ಲೇ ದೀಪ ಹತ್ತಿತು. ತಕ್ಷಣ ಪ್ಲಗ್ ಕಿತ್ತೆವು. ಹೋಂಸ್ಟೇಯವರು ‘ಸ್ವಲ್ಪ ಅರ್ಥಿಂಗ್ ಪ್ರಾಬ್ಲಂ ಉಂಟು, ಚಪ್ಪಲಿ ಹಾಕ್ಕೊಳ್ಳಿ’ ಅಂದರು. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳ ಅದು.

ಗಾಡಿ ರಬ್ಬರ್ ಟೈರಿನ ಮೇಲೆ ನಿಂತಿರುತ್ತದೆ, ನೆಲದ ಸಂಪರ್ಕ ಇರುವುದಿಲ್ಲ. ಗಾಡಿಯ ಮೈಗೆ ಅರ್ಥ್ ಸಿಗುವುದು ಆ ಪ್ಲಗ್ಗಿನ ಮೂರನೆಯ ಪಿನ್ನಿನಿಂದ ಮಾತ್ರ. ಅದರ ಹಿಂದೆ ವೈರೇ ಇಲ್ಲದಿದ್ದರೆ ಚಾರ್ಜರಿನಿಂದ ಸೋರುವ ಸಣ್ಣ ಕರೆಂಟೂ ಬಾಡಿಯ ಮೇಲೇ ಉಳಿಯುತ್ತದೆ, ಒದ್ದೆ ನೆಲದಲ್ಲಿ ನಿಂತು ಮುಟ್ಟಿದವರ ಮೂಲಕ ಭೂಮಿಗಿಳಿಯುತ್ತದೆ. ಜುಮ್ ಅಂದಿದ್ದು ಅದು. ಅದೇ ಪ್ಲಗ್ಗಿನಲ್ಲಿ, ಚಾರ್ಜರಿನ ಒಳಗೆ ಫೇಸ್ ವೈರ್ ಬಿಚ್ಚಿ ಬಾಡಿಗೆ ತಾಗಿದ್ದರೆ 230 ವೋಲ್ಟ್ ಪೂರ್ತಿಯಾಗಿ ಬಾಗಿಲಿನ ಹಿಡಿಯಲ್ಲಿರುತ್ತಿತ್ತು.

ಈಗ ಎಲ್ಲಿ ಹೋದರೂ ಗಾಡಿಯ ಕೇಬಲ್ ಸಿಕ್ಕಿಸುವ ಮೊದಲು ಆ ಪ್ಲಗ್ಗನ್ನು ಮೀಟರಿನಿಂದ ಅಳೆಯುತ್ತೇನೆ. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಬಂದರೆ ಸರಿ. ಫೇಸ್‌ನಿಂದ ಅರ್ಥ್‌ಗೆ ತೀರಾ ಕಡಿಮೆ ಬಂದರೆ, ಅಥವಾ ಅಂಕಿ ನಿಲ್ಲದೆ ಕುಣಿಯುತ್ತಿದ್ದರೆ ಅರ್ಥ್ ಇಲ್ಲ ಅಂತ ಲೆಕ್ಕ. ನ್ಯೂಟ್ರಲ್-ಅರ್ಥ್ ನಡುವೆ ಪೂರ್ತಿ ಸೊನ್ನೆ ಬಂದರೂ ನನಗೆ ಅನುಮಾನ, ಯಾಕೆಂದರೆ ಕೆಲವರು ಪ್ಲಗ್ಗಿನ ಒಳಗೇ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಜೋಡಿಸಿಬಿಟ್ಟಿರುತ್ತಾರೆ. ಮೂರು ದೀಪದ ಸಾಕೆಟ್ ಟೆಸ್ಟರ್ ಇದನ್ನು ಸರಿ ಅಂತಲೇ ತೋರಿಸುತ್ತದೆ. ಆದರೆ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಗಾಡಿಯ ಇಡೀ ಬಾಡಿಗೆ ಕರೆಂಟ್ ಬರುತ್ತದೆ. 230 ವೋಲ್ಟಿನ ಈ ಅಳತೆ ರೂಢಿಯಿಲ್ಲದವರು ಮಾಡಬೇಡಿ, ತಿಳಿದವರಿಂದ ಮಾಡಿಸಿ. ಗಾಡಿಯ ಒಳಗೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದೇ ಇರಲಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಅರ್ಥ್ ಇಲ್ಲದ ಕಡೆ ಅದು ಬೀಳುವುದು ಯಾರಾದರೂ ಮುಟ್ಟಿದ ಮೇಲೆಯೇ, ಆದರೂ ಜೀವ ಉಳಿಸುವುದು ಅದೇ. ಓವರ್‌ಲೋಡ್ ಆದಾಗ ಬೀಳುವ ಎಂಸಿಬಿ ಆ ಕೆಲಸ ಮಾಡುವುದಿಲ್ಲ.

ಕ್ಯಾಂಪರ್ ಮಾಡಿಸಬೇಕೆಂದಿರುವವರಿಗೆ ಒಂದು ಕೋರಿಕೆ. ಸೋಫಾ ಬಣ್ಣ, ಟಿ.ವಿ. ಸೈಜ್ ನೋಡುವ ಮೊದಲು ವೈರಿಂಗಿನ ನಕ್ಷೆ ಕೇಳಿ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಮುಖ್ಯ ಫ್ಯೂಸ್ ಎಲ್ಲಿದೆ ತೋರಿಸಿ ಅನ್ನಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಯಾವ ಲೈನಿಗೆ ಎಷ್ಟು ಆಂಪಿಯರ್ ಅಂತ ಬರೆಸಿ ಅಂಟಿಸಿಕೊಳ್ಳಿ, ಗ್ಯಾರೇಜಿಗೆ ಹೋಗಿ ಬಂದಾಗಲೆಲ್ಲ ಮುಚ್ಚಳ ತೆಗೆದು ಬಣ್ಣ ಹೋಲಿಸಿ. ಹಲಗೆಗಳನ್ನು ಅಂಟು ಹಾಕಿ ಮುಚ್ಚಲು ಬಿಡಬೇಡಿ, ಸ್ಕ್ರೂ ಹಾಕಿಸಿ. ನಮ್ಮ ಗಾಡಿಯಲ್ಲಿ ಆ ವೈರ್ ಹೋಗಿದ್ದ ದಾರಿ ನೋಡಲು ಹಲಗೆಯನ್ನು ಗರಗಸದಿಂದ ಕೊಯ್ಯಬೇಕಾಯಿತು.