ಕಿರುನಿಘಂಟಿನಲ್ಲಿ ‘ಮರ್ಕಿ’: ಓದುವುದಕ್ಕೆ ಸಾಕು, ಬರೆಯುವುದಕ್ಕೆ ಸಾಲದು

ಗಂಗಾವತಿಯ ಪುಸ್ತಕದಂಗಡಿಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೆಂದು ಮಾರುವ ಇಂಗ್ಲಿಷ್–ಕನ್ನಡ ಕಿರುನಿಘಂಟೊಂದನ್ನು ನಮ್ಮ ಹತ್ತನೆಯ ತರಗತಿಯವರು ಈ ವರ್ಷ ಬಳಸುತ್ತಿದ್ದಾರೆ. ಹೊಲಿಗೆ ಗಟ್ಟಿಯಾಗಿದೆ, ಅಚ್ಚು ಸ್ಪಷ್ಟವಾಗಿದೆ, ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿರುವುದು ಮಕ್ಕಳಿಗೆ ದೊಡ್ಡ ಅನುಕೂಲ. ತೊಡಕಿರುವುದು ಗುಣವಾಚಕಗಳಲ್ಲಿ, ಅದರಲ್ಲೂ ಕತ್ತಲನ್ನು ಹೇಳುವ ಗುಣವಾಚಕಗಳಲ್ಲಿ.

‘ಮರ್ಕಿ’ ಎಂಬ ಪದಕ್ಕೆ ಈ ನಿಘಂಟು ‘ಕತ್ತಲೆಯ, ಮಬ್ಬಾದ, ಮಂಕಾದ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಯಾವುದೂ ತಪ್ಪಲ್ಲ, ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಕತ್ತಲನ್ನು ಸೂಚಿಸುವ ‘ಮಿರ್ಕರ್’ ಪದದೊಂದಿಗೆ ಇದಕ್ಕೆ ನಂಟಿದೆ. ಆದರೆ ‘ಡಿಮ್’, ‘ಗ್ಲೂಮಿ’ಗಳ ಎದುರಿಗೂ ಹೆಚ್ಚುಕಡಿಮೆ ಇವೇ ಅರ್ಥಗಳಿರುವುದರಿಂದ ಯಾವುದನ್ನು ಎಲ್ಲಿ ಬಳಸಬೇಕೆಂಬುದು ತಿಳಿಯುವುದಿಲ್ಲ. ಕರೆಂಟು ಹೋದ ಕೋಣೆಯನ್ನು ‘ಮರ್ಕಿ’ ಎಂದು ಬರೆದ ಹುಡುಗಿಯ ಅಂಕ ಕಳೆಯಲು ನನಗೆ ಮನಸ್ಸಾಗಲಿಲ್ಲ. ನಿಘಂಟು ಹೇಳಿದ್ದನ್ನೇ ಅವಳು ಬರೆದಿದ್ದಳು.

ಆ ಕೋಣೆಗೆ ‘ಡಾರ್ಕ್’ ಸಾಕು. ದೀಪ ಸಣ್ಣದಾಗಿ ಉರಿಯುತ್ತಿದ್ದರೆ ‘ಡಿಮ್’. ‘ಗ್ಲೂಮಿ’ಯಲ್ಲಿ ಮನಸ್ಸನ್ನು ಕುಗ್ಗಿಸುವ ಗುಣವೂ ಇರುವುದರಿಂದ ಅದು ಮೋಡ ಕವಿದ ದಿನಕ್ಕೂ ಸಪ್ಪೆ ಮೋರೆಗೂ ಸಲ್ಲುತ್ತದೆ. ‘ಮರ್ಕಿ’ಯ ಕತ್ತಲೇ ಬೇರೆ: ಮಣ್ಣೋ ಹೊಗೆಯೋ ಮಂಜೋ ತುಂಬಿಕೊಂಡು ಆಚೆಗಿನದು ಕಾಣದಂತಾದಾಗ ಆ ಪದ ಹೊಂದುತ್ತದೆ. ಮುಂಗಾರಿನಲ್ಲಿ ತುಂಗಭದ್ರೆಗೆ ಹೊಸ ನೀರು ಬಂದಾಗ, ಮೊಣಕಾಲುದ್ದ ನೀರಿನಲ್ಲಿ ನಿಂತವರಿಗೆ ತಮ್ಮ ಪಾದವೇ ಕಾಣದಷ್ಟು ಹೊಳೆ ಕೆಂಪಗೆ ರಾಡಿಯಾಗಿರುತ್ತದಲ್ಲ, ಆ ನೀರು ‘ಮರ್ಕಿ’. ಇಂಗ್ಲಿಷಿನಲ್ಲಿ ಈ ಪದ ನೀರಿನೊಂದಿಗೆ ಅಷ್ಟು ಸಹಜವಾಗಿ ಕೂಡಿಕೊಳ್ಳುವಾಗ, ‘ರಾಡಿ’ಯಾಗಲಿ ‘ಬಗ್ಗಡ’ವಾಗಲಿ ನಿಘಂಟಿನಲ್ಲಿ ಇಲ್ಲದಿರುವುದು ಸೋಜಿಗ. ಅದೇ ಅರ್ಥ ಮುಂದುವರಿದು, ಒಳಗೇನು ನಡೆದಿದೆಯೆಂದು ತಿಳಿಯದ, ಅಪ್ರಾಮಾಣಿಕತೆಯ ವಾಸನೆ ಬರುವ ವ್ಯವಹಾರವನ್ನೂ ವ್ಯಕ್ತಿಯೊಬ್ಬನ ಹಿಂದಿನ ಬದುಕನ್ನೂ ‘ಮರ್ಕಿ’ ಎನ್ನುವುದುಂಟು. ಇಂಗ್ಲಿಷ್ ಪತ್ರಿಕೆ ಓದುವ ಮಕ್ಕಳಿಗೆ ಎದುರಾಗುವ ಈ ಬಳಕೆಯನ್ನೂ ಸಂಪಾದಕರು ಕೈಬಿಟ್ಟಿದ್ದಾರೆ.

ಪಾಠ ಓದುತ್ತ ಅರ್ಥ ನೋಡಿಕೊಳ್ಳುವುದಕ್ಕಷ್ಟೇ ಬೇಕೆನ್ನುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಪ್ರಬಂಧ, ಪತ್ರಲೇಖನಕ್ಕೆಂದಾದರೆ ಒಂದೊಂದು ಪದಕ್ಕೂ ಉದಾಹರಣೆ ವಾಕ್ಯವಿರುವ ನಿಘಂಟನ್ನು, ತುಸು ದಪ್ಪವಾದರೂ, ಆರಿಸಿಕೊಳ್ಳುವುದು ಲೇಸು. ಪ್ರಕಾಶಕರು ಮರುಮುದ್ರಣ ಮಾಡುವುದಾದರೆ, ಕೊನೆಯಲ್ಲಿ ಸೇರಿಸಿರುವ ದೇಶಗಳ ಮತ್ತು ರಾಜಧಾನಿಗಳ ಪಟ್ಟಿಯನ್ನು ತೆಗೆದರೂ ಗುಣವಾಚಕಗಳಿಗೆ ಬೇಕಾದಷ್ಟು ಜಾಗ ಸಿಗುತ್ತದೆ.