ದಾಳದ ಆಟ, ರಾಣಿಯ ಆಟ: ಮೊದಲ ಸಲ ಕತೆ ಕಟ್ಟುವವರಿಗೆ ಯಾವುದು?

ಎಲ್ಲರೂ ಒಂದೊಂದು ಪಾತ್ರವಾಗಿ, ಕೂತಲ್ಲೇ ಮಾತಿನಲ್ಲಿ ಕತೆ ಕಟ್ಟುವ ಆಟವನ್ನು ನಾವು ಯಾರೂ ಆಡಿರಲಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಎರಡು ಭಾನುವಾರ ನಾನು, ತಮ್ಮ, ಅತ್ತೆ ಮಗಳು, ಪಕ್ಕದ ಮನೆ ಗೆಳೆಯ ಸೇರಿ ಎರಡು ಆಟ ಆಡಿದೆವು.

ಮೊದಲನೆಯದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. 1974ರಲ್ಲಿ ಬಂದ, ಇಂಥ ಆಟಗಳಿಗೆಲ್ಲ ಹಿರಿಯಣ್ಣ. ಮೂಲ ನಿಯಮಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, 20 ಮುಖದ ದಾಳಕ್ಕೆ ಮೊಬೈಲ್ ಆ್ಯಪ್ ಸಾಕು. ಕತೆ ನಡೆಸುವವಳು ನಾನು. ಕಾಣದ ದೇಶ ಯಾಕೆಂದು ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ಇಟ್ಟುಕೊಂಡೆ. ಎಲ್ಲರೂ ಹತ್ತಿಳಿದ ಜಾಗ, ಬತೇರಿ, ಹೊಂಡ ಯಾವುದನ್ನೂ ವಿವರಿಸಬೇಕಿರಲಿಲ್ಲ. ಕಿಂಡಿ ಅಂದ ಕೂಡಲೇ ಅತ್ತೆ ಮಗಳು, "ಅಲ್ಲಿ ಒನಕೆ ಹಿಡ್ಕಂಡು ನಿಂತಿರ್ತಾರೆ, ನಾ ಬರಲ್ಲಪ್ಪ" ಅಂದಳು.

ತಮ್ಮನ ಬೇಹುಗಾರ ಕಾವಲಿನವನ ಬೆನ್ನ ಹಿಂದೆ ಸದ್ದಿಲ್ಲದೆ ದಾಟಬೇಕು. ದಾಳದ ಅಂಕಿಗೆ ಪಾತ್ರದ ಚುರುಕಿನ ಅಂಕಿ ಸೇರಿಸಿ ಬೇಕಾದದ್ದು 15. ಮೊಬೈಲಿಗೆ ಕೈಮುಗಿದು ಒತ್ತಿದ. ಬಿದ್ದದ್ದು 11, ಅವನ ಚುರುಕಿಗೆ 3, ಒಟ್ಟು 14. ಒಂದೇ ಒಂದು ಕಮ್ಮಿ! ನಾಲ್ವರೂ ಒಟ್ಟಿಗೆ ಕೂಗಿದೆವು. ಆ ರೋಮಾಂಚನ ಇನ್ನೊಂದು ಆಟದಲ್ಲಿ ಇಲ್ಲವೇ ಇಲ್ಲ. ಆದರೆ ಪಾತ್ರದ ಬಲ, ಚುರುಕು ಎಲ್ಲ ಬರೆಯುವ ಹಾಳೆ ತುಂಬುವುದಕ್ಕೇ ಎರಡು ತಾಸು ಹೋಗಿತ್ತು. ಮುಂದೇನು ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಿಂಡಿಯ ಮಾತಾಡಿದ ಅತ್ತೆ ಮಗಳು ಆಮೇಲೆ ಬಾಯಿ ಬಿಟ್ಟದ್ದೇ ಕಮ್ಮಿ.

ಎರಡನೆಯದು ಅಲೆಕ್ಸ್ ರಾಬರ್ಟ್ಸ್ ಅವರ ಫಾರ್ ದಿ ಕ್ವೀನ್, 2019ರದು. ದಾಳ ಇಲ್ಲ, ನಡೆಸುವವರೂ ಇಲ್ಲ. ರಾಣಿ ದೂರದ, ಅಪಾಯದ ಪಯಣ ಹೊರಟಿದ್ದಾಳೆ, ನಾವು ಅವಳ ಪರಿವಾರ. ಸರದಿಯಂತೆ ಕಾರ್ಡ್ ಎತ್ತಿ ಅದರ ಪ್ರಶ್ನೆಗೆ ಉತ್ತರಿಸಬೇಕು. ಉಳಿದವರು ಕೆದಕಿ ಕೇಳಬಹುದು. ಬೇಡವಾದ ಪ್ರಶ್ನೆಯನ್ನು ಕಾರಣ ಹೇಳದೆ ಬದಿಗಿಡಬಹುದು, ಹೊಸಬರಿಗೆ ಇದು ದೊಡ್ಡ ಧೈರ್ಯ. ಹತ್ತು ನಿಮಿಷದಲ್ಲಿ ಕತೆ ಶುರುವಾಯಿತು.

ಅತ್ತೆ ಮಗಳು ಮೊದಲ ಕಾರ್ಡಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮಪ್ಪನ್ನ ಗಡಿಪಾರು ಮಾಡಿದ ದಿನ ರಾಣಿ ನನಗೆ ಈ ಬಳೆ ಕೊಟ್ಟಳು" ಎಂದು ತನ್ನ ಕೈಯ ಬಳೆ ತೋರಿಸಿದಳು. ತಟ್ಟೆಯ ಮಂಡಕ್ಕಿಗೆ ಯಾರ ಕೈಯೂ ಹೋಗಲಿಲ್ಲ.

ಮೊದಲ ಸಲ ಆಡುವವರಿಗೆ ನಾನು ಕೊಡುವುದು ರಾಣಿಯ ಆಟವನ್ನೇ. ತಿಂಗಳುಗಟ್ಟಲೆ ಒಂದೇ ಕತೆ ಬೆಳೆಸುವ ಗುಂಪಿದ್ದರೆ ದಾಳದ ಆಟಕ್ಕೆ ಹೋಗಿ, ಆದರೆ ನಡೆಸುವವರು ವಾರ ಮೊದಲೇ ಓದಿಕೊಂಡಿರಲಿ.

ರಾಣಿಯ ಆಟದ ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ರಾಣಿಯ ಮೇಲೆ ದಾಳಿಯಾಗಿದೆ, ಕಾಪಾಡುತ್ತೀಯಾ? ನಾವು ಮೂವರೂ ಹೂಂ ಅಂದೆವು. ಅತ್ತೆ ಮಗಳು ಬಳೆ ತೆಗೆದು ಕಾರ್ಡಿನ ಮೇಲಿಟ್ಟು, "ಇಲ್ಲ" ಅಂದಳು.