ಮೊದಲ ಆಯ್ಕೆಯ ಹುಡುಗನೋ, ಪಳಗಿದ ತಾರೆಯೋ?

ತಂಡ ಕಟ್ಟುವಾಗ ಯಾರನ್ನು ಆರಿಸಬೇಕು? 2014ರ ಬೇಸಿಗೆಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಎದುರಿಸಿದ್ದೂ ಇದೇ ಪ್ರಶ್ನೆ. ಒಂದೆಡೆ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಮೊದಲ ಆಯ್ಕೆ, 19ರ ಹರೆಯದ ಆಂಡ್ರ್ಯೂ ವಿಗಿನ್ಸ್: ಕಡಿಮೆ ಸಂಬಳ, ಪುಟಿಯುವ ಕಾಲು, ಆದರೆ ಮಾಗಲು ವರ್ಷಗಳು ಬೇಕು. ಇನ್ನೊಂದೆಡೆ ಮಿನೆಸೋಟ ತಂಡದ ಕೆವಿನ್ ಲವ್: ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 26.1 ಅಂಕ, 12.5 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು).

ಆಗಷ್ಟೇ ತವರು ತಂಡ ಕ್ಯಾವಲಿಯರ್ಸ್‌ಗೆ ಮರಳಿದ್ದ ನಾಯಕ ಲೆಬ್ರಾನ್ ಜೇಮ್ಸ್‌ಗೆ 29 ವರ್ಷ. ಕಾಯುವ ವ್ಯವಧಾನ ಎಲ್ಲಿತ್ತು? ವಿಗಿನ್ಸ್‌ರನ್ನು ಬಿಟ್ಟುಕೊಟ್ಟು ಲವ್ ಅವರನ್ನು ತಂದರು. 2016ರ ಫೈನಲ್‌ನ ಏಳನೇ ಪಂದ್ಯ, ಕೊನೆಯ ನಿಮಿಷ: ಎದುರಾಳಿ ವಾರಿಯರ್ಸ್ ತಂಡದ ಸ್ಟೀಫನ್ ಕರಿಯ ಎದುರು ಕಾಲು ಸರಿಸುತ್ತ, ಕೈಯೆತ್ತಿ ನಿಂತ ಲವ್ ಅವರನ್ನು ನಾನು ಮರೆಯಲಾರೆ. ಕರಿಯ ಎಸೆತ ತಪ್ಪಿತು, ಕ್ಲೀವ್‌ಲ್ಯಾಂಡ್‌ಗೆ ಕಪ್ ಬಂತು.

ನಿಮ್ಮಲ್ಲಿ ಈಗಲೇ ಗೆಲ್ಲಿಸಬಲ್ಲ ನಾಯಕನಿದ್ದರೆ ತಾರೆಯನ್ನೇ ತನ್ನಿ. ಇಲ್ಲವಾದರೆ ಹುಡುಗನನ್ನು ಉಳಿಸಿಕೊಳ್ಳಿ, ತಾಳ್ಮೆಯನ್ನೂ. ವಿಗಿನ್ಸ್ ವಾರಿಯರ್ಸ್ ಪರ ಚಾಂಪಿಯನ್ ಆದದ್ದು 2022ರಲ್ಲಿ.